ಪದದ ಸಾಧುತ್ವವನ್ನು ಶೋಧಿಸಿದ ವಿಜ್ಞಾನಿ: ಡಾ. ಹೋಮಿ ಭಾಭಾ

ಭಾರತದ ಪರಮಾಣು ಸಂಶೋಧನೆಯ ಆದ್ಯಪ್ರವರ್ತಕರಾದ ಡಾ. ಹೋಮಿ ಜಹಾಂಗೀರ್ ಭಾಭಾ ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಸುಸಂಸ್ಕೃತ ಪಾರ್ಸಿ ಮನೆತನದಲ್ಲಿ ಜನಿಸಿದರು. ಎಂಜಿನಿಯರಿಂಗ್ ಕಲಿಯಲೆಂದು ಕೇಂಬ್ರಿಜ್‌ಗೆ ತೆರಳಿದ ಈ ತರುಣರ ಚಿತ್ತವು ಭೌತವಿಜ್ಞಾನದಲ್ಲಿ ನೆಲೆಗೊಂಡಿತು. ಆಕಾಶದಿಂದ ಇಳಿದುಬರುವ ವಿಶ್ವಕಿರಣಗಳೇ ಅವರ ಅಧ್ಯಯನದ ವಿಷಯವಾದವು.

ಪರಮಾಣುವಿನ ಬೀಜವನ್ನು ಬಿಗಿದಿಡುವ ಬಲಕ್ಕೆ ಕಾರಣವಾದ ಕಣವೊಂದು ಇರಬೇಕೆಂದೂ ಅದರ ತೂಕ ಎಲೆಕ್ಟ್ರಾನಿನ ಸುಮಾರು 200ರಷ್ಟು ಪಾಲು ಇರಬೇಕೆಂದೂ 1935ರಲ್ಲಿ ಜಪಾನಿನ ಯುಕಾವಾ ಅವರು ಊಹಿಸಿದ್ದರು. ಮರುವರ್ಷವೇ ಅಮೆರಿಕದ ಆಂಡರ್ಸನ್ ಮತ್ತು ನೆಡರ್‌ಮೈಯರ್ ಅವರಿಗೆ ವಿಶ್ವಕಿರಣಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕದ ಕಣ ಗೋಚರಿಸಿತು. ಎಲೆಕ್ಟ್ರಾನ್ ಮತ್ತು ಪ್ರೋಟಾನ್‌ಗಳ ನಡುವಣ ತೂಕದ್ದಾದ ಕಾರಣ 1938ರಲ್ಲಿ ಅದಕ್ಕೆ ‘ಮೆಸೋಟ್ರಾನ್’ ಎಂದು ನಾಮಕರಣವಾಯಿತು. ಗ್ರೀಕ್ ಭಾಷೆಯಲ್ಲಿ ‘ಮೆಸೋಸ್’ ಎಂದರೆ ಮಧ್ಯ. ಅನ್ವೇಷಕರು ಮೊದಲು ಯೋಚಿಸಿದ್ದುದು ‘ಮೆಸೋಟಾನ್’ ಎಂಬ ರೂಪ; ಅವರ ಹಿರಿಯರಾದ ಮಿಲಿಕನ್ನರ ಒತ್ತಾಯದಿಂದ ಅದಕ್ಕೆ ರೇಫ ಸೇರಿತು.

ಭಾಭಾ ಅವರು 1939ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಈ ರೂಪವನ್ನು ಆಕ್ಷೇಪಿಸಿದರು. ಅವರ ವಾದ ವೈಯಾಕರಣರು ಮೆಚ್ಚುವಂಥದು. ‘ಎಲೆಕ್ಟ್ರಾನ್’ ಪದಕ್ಕೆ ಮೂಲ ತೃಣಮಣಿಯ ಗ್ರೀಕ್ ಹೆಸರು; ಅಲ್ಲಿಯ ‘ಟ್ರ’ ಪ್ರಕೃತಿಗೆ ಸೇರಿದ್ದೇ ಹೊರತು ಪ್ರತ್ಯಯಕ್ಕಲ್ಲ. ‘ಮೆಸೋಸ್’ನಲ್ಲಿ ಆ ವ್ಯಂಜನಗಳೇ ಇಲ್ಲ. ಆದುದರಿಂದ ‘ಮೆಸಾನ್’ ಎಂಬುದೇ ಸಾಧುರೂಪವೆಂದು ಅವರು ಪ್ರತಿಪಾದಿಸಿದರು. ಕಾಲಕ್ರಮದಲ್ಲಿ ವಿದ್ವಲ್ಲೋಕ ಅದನ್ನು ಅಂಗೀಕರಿಸಿತು.

ಅದೇ ವರ್ಷ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಮಹಾಯುದ್ಧ ಆರಂಭವಾಯಿತು. ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ.ವಿ. ರಾಮನ್ನರ ವಿಭಾಗದಲ್ಲಿ ರೀಡರ್ ಆದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಮೊದಲು ಬೆಂಗಳೂರಿನಲ್ಲಿಯೇ ಮೈದಳೆದು, ವರ್ಷಾಂತ್ಯಕ್ಕೆ ಮುಂಬಯಿಗೆ ಸಾಗಿತು. 1951ರಲ್ಲಿ ಅವರ ಪ್ರೇರಣೆಯಿಂದ ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಅವರು ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ಈ ಕಣಗಳನ್ನು ಅಳೆಯತೊಡಗಿದರು.

ಅಷ್ಟರೊಳಗೆ ಅರ್ಥವೇ ಪಲ್ಲಟಗೊಂಡಿತ್ತು. ಯುಕಾವಾ ಊಹಿಸಿದ ಕಣ ಬೇರೆಯದೆಂದು 1947ರಲ್ಲಿ ಬ್ರಿಸ್ಟಲ್‌ನ ಪೊವೆಲ್ ಮತ್ತು ಸಂಗಡಿಗರು ತೋರಿಸಿದರು. ಅದು ಪೈ-ಮೆಸಾನ್. ಅದು ಕ್ಷಯಿಸಿದಾಗ ಹುಟ್ಟುವುದೇ ಹಳೆಯ ಮೆಸೋಟ್ರಾನ್. ಬೀಜಬಲಕ್ಕೆ ಒಳಪಡದ ಈ ಕಣ ಮೆಸಾನ್ ವರ್ಗದಿಂದಲೇ ಹೊರಬಿದ್ದು, ಈಗ ‘ಮ್ಯೂಆನ್’ ಎನಿಸಿದೆ. ಶಬ್ದದ ರೂಪವನ್ನು ವ್ಯಾಕರಣ ತಿದ್ದಿತು. ಅದರ ಅರ್ಥವನ್ನು ಪ್ರಯೋಗವೇ ತಿದ್ದಬೇಕಾಯಿತು. 

1966ರ ಜನವರಿ 24ರಂದು ಮಾಂಟ್ ಬ್ಲಾಂಕ್ ಪರ್ವತದಲ್ಲಿ ನಡೆದ ವಿಮಾನ ದುರಂತದಲ್ಲಿ ಭಾಭಾ ಅವರು ಅಸುನೀಗಿದರು. ಅವರು ಹೆಸರು ತಿದ್ದಿದ ಆ ಕಣಗಳು ಬಾದಾಮಿಯ ಬಂಡೆಗಳ ಮೇಲೂ ಇಳಕಲ್ಲಿನ ಮಗ್ಗದ ಮನೆಗಳ ಮೇಲೂ ಹಗಲಿರುಳು ಸುರಿಯುತ್ತಲೇ ಇವೆ.