ಬೆರಳಿಗೆ ಕಣ್ಣು ಕೊಟ್ಟ ಲೂಯಿ ಬ್ರೈಲ್

ಮತದಾನವು ಪ್ರಜಾಪ್ರಭುತ್ವದ ಜೀವಾಳ. ನಮ್ಮ ದೇಶದಲ್ಲಿ 1951-52ರ ಮೊದಲನೆಯ ಮಹಾಚುನಾವಣೆಯಿಂದಲೂ ಕಣ್ಣಿದ್ದವರಂತೆಯೇ ಅಂಧರಿಗೂ ಮತದ ಹಕ್ಕಿದೆ. ಆದರೆ ಮತಪತ್ರದ ಕಾಲದಲ್ಲಿ ಅಂಧ ಮತದಾರನು ಇನ್ನೊಬ್ಬರ ಕೈಯಿಂದಲೇ ಮುದ್ರೆ ಒತ್ತಿಸಬೇಕಾಗಿತ್ತು. ತಾನು ಹೇಳಿದ ಚಿಹ್ನೆಯ ಮೇಲೆಯೇ ಮುದ್ರೆ ಬಿದ್ದಿತೆಂದು ಅವನು ತಿಳಿಯುವುದು ಹೇಗೆ? ಅವನ ಮತ ಗುಟ್ಟಾಗಿ ಉಳಿಯುವುದು ಹೇಗೆ? ಈ ಕೊರತೆಯನ್ನು ನೀಗಿಸಲು ನೆರವಾದದ್ದು ಕೆಲವು ಉಬ್ಬು ಚುಕ್ಕೆಗಳು. ಅವುಗಳ ಜನಕನೇ ಲೂಯಿ ಬ್ರೈಲ್.

ಬ್ರೈಲ್ 1809ರ ಜನವರಿ 4ರಂದು ಫ್ರಾನ್ಸ್ ದೇಶದ ಕೂಪ್‌ವ್ರೆ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಕುದುರೆಯ ಜೀನು ಹೊಲಿಯುವ ಕಸುಬಿನವನು. ಮೂರು ವರ್ಷದ ಬಾಲಕ ಚರ್ಮಕ್ಕೆ ತೂತು ಹಾಕುವ ಮೊನಚಾದ ಸಲಕರಣೆಯೊಡನೆ ಆಡುತ್ತಿರುವಾಗ ಅದು ಕಣ್ಣಿಗೆ ಚುಚ್ಚಿತು. ನಂಜು ಇನ್ನೊಂದು ಕಣ್ಣಿಗೂ ಹಬ್ಬಿತು. ಐದನೆಯ ವಯಸ್ಸಿಗೆ ಅವನು ಪೂರ್ಣ ಅಂಧನಾದನು.

ತಂದೆತಾಯಿಗಳು ಧೃತಿಗೆಡಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ಅವನನ್ನು ಪ್ಯಾರಿಸಿನ ಅಂಧರ ಶಾಲೆಗೆ ಸೇರಿಸಿದರು. ಅಲ್ಲಿನ ಪುಸ್ತಕಗಳಲ್ಲಿ ಸಾಮಾನ್ಯ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿ ಅಚ್ಚು ಮಾಡಿದ್ದರು. ಓದುವುದು ಬಹಳ ನಿಧಾನ. ಬರೆಯುವುದಂತೂ ಆಗದ ಮಾತು. 1821ರಲ್ಲಿ ಬಾರ್ಬಿಯೆ ಎಂಬ ಸೈನ್ಯಾಧಿಕಾರಿಯ ಹನ್ನೆರಡು ಚುಕ್ಕೆಗಳ ಲಿಪಿಯ ಪರಿಚಯ ಅವನಿಗಾಯಿತು. ಅದು ತೊಡಕಿನದೆಂದು ಕಂಡುಕೊಂಡ ಬ್ರೈಲ್, 1824ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಆರೇ ಚುಕ್ಕೆಗಳ ಲಿಪಿಯನ್ನು ರೂಪಿಸಿದನು. ಬೆರಳ ತುದಿಗೆ ಒಮ್ಮೆಲೇ ನಿಲುಕುವ ಈ ಆರು ಚುಕ್ಕೆಗಳಿಂದ 63 ಗುರುತುಗಳಾಗುತ್ತವೆ. ಕಣ್ಣು ಕಳೆದಂಥದೇ ಮೊನಚಾದ ಸಲಕರಣೆಯಿಂದ ಅಂಧರಿಗೆ ಓದುಬರಹ ಬಂದಿತು!

ಮುಂದೆ ಅವನು ಅದೇ ಶಾಲೆಯ ಶಿಕ್ಷಕನಾದನು. ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದನು. ಆದರೂ ಅವನ ಲಿಪಿಗೆ ಸುಲಭವಾಗಿ ಮನ್ನಣೆ ದೊರೆಯಲಿಲ್ಲ. ಕ್ಷಯರೋಗದಿಂದ 1852ರ ಜನವರಿ 6ರಂದು, 43ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಎರಡು ವರ್ಷಗಳ ನಂತರ ಫ್ರಾನ್ಸ್ ಆ ಲಿಪಿಯನ್ನು ಅಂಗೀಕರಿಸಿತು.

1951ರಲ್ಲಿ ಭಾರತಿ ಬ್ರೈಲ್ ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಲಿಪಿಯಾಯಿತು. ಕನ್ನಡ ಮರಾಠಿಗಳೆರಡನ್ನೂ ಬಲ್ಲ ನಮ್ಮ ಯಳವಿಯ ಮಕ್ಕಳಿಗೆ ಇದು ಸೋಜಿಗವೆನಿಸೀತು: ಎರಡೂ ಭಾಷೆಗಳ ‘ಕ’ ಅಕ್ಷರಕ್ಕೆ 1 ಮತ್ತು 3ನೆಯ ಚುಕ್ಕೆಗಳೇ!

2009ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳು ಬಂದವು. ಬ್ರೈಲ್ ಬಲ್ಲ ಮತದಾರನು ಮತಗಟ್ಟೆಯಲ್ಲಿ ಕೊಡುವ ಬ್ರೈಲ್ ಹಾಳೆಯಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ ಓದಿಕೊಂಡು, ಯಂತ್ರದ ಮೇಲೆ ಅದೇ ಅಂಕಿ ತಡವಿ, ಸ್ವತಃ ಗುಂಡಿ ಒತ್ತಬಹುದು. ಬ್ರೈಲ್ ಬಾರದವರು 18 ವರ್ಷ ತುಂಬಿದ ಒಬ್ಬ ಸಂಗಾತಿಯನ್ನು ಕರೆದೊಯ್ಯಬಹುದು. ಆ ಸಂಗಾತಿ ಮತವನ್ನು ಗುಟ್ಟಾಗಿಡುವೆನೆಂದು ಬರೆದುಕೊಡಬೇಕು. ಒಂದು ದಿನಕ್ಕೆ ಒಬ್ಬರಿಗಷ್ಟೇ ಸಂಗಾತಿಯಾಗಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆ ಇದ್ದವರಿಗೆ ಮನೆಯಲ್ಲಿಯೇ ಮತ ಹಾಕುವ ಅನುಕೂಲವನ್ನೂ ಕಲ್ಪಿಸಲಾಗಿತ್ತು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಓಣಿಯ ಅಂಧರನ್ನು ಮತಗಟ್ಟೆಗೆ ಕೈಹಿಡಿದು ಕರೆದೊಯ್ಯಿರಿ. ಆದರೆ ಯಾರಿಗೆ ಮತವೆಂಬುದನ್ನು ಅವರ ಮನಸ್ಸಿಗೇ ಬಿಡಿರಿ. ವಿದ್ಯಾರ್ಥಿಗಳೇ, ಹದಿನೈದರ ಹುಡುಗನೊಬ್ಬನು ತನ್ನಂಥವರ ಕಷ್ಟ ನೀಗಿಸಲು ಪಟ್ಟ ಶ್ರಮವು ಇಂದು ಕೋಟ್ಯಂತರ ಮತದಾರರ ದೇಶಕ್ಕೂ ಉಪಕಾರಿಯಾಗಿದೆ. ನಿಮ್ಮ ವಯಸ್ಸೂ ಅದೇ ಎಂಬುದನ್ನು ಮರೆಯದಿರಿ.