ಒಂದೇ ಪಂಕ್ತಿ: ಹರ್ಮನ್ ಮೋಗ್ಲಿಂಗರ ಜೀವನದಿಂದ

  ಈಗ ಓದಿದ ಭಾಗ ಒಂದನೇ ಕೊರಿಂಥ 11ನೇ ಅಧ್ಯಾಯ. ಆ ಸಭೆಯಲ್ಲಿ ಹಾಡು ಇತ್ತು, ವರಗಳು ಇದ್ದವು, ಪ್ರವಾದನೆ ಇತ್ತು. ಆದರೆ ಊಟಕ್ಕೆ ಕೂತಾಗ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ಪೌಲನಿಗೆ ಸಿಟ್ಟು ಬಂದದ್ದು ಅಲ್ಲಿ.

ಈ ಮಾತಿಗೆ ನಾನು ಒಬ್ಬ ದೇವರ ಸೇವಕರ ಜೀವನ ಹೇಳ್ತೀನಿ. ಜುಲೈ 1 ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ. ಯಾಕೆ ಗೊತ್ತಾ? 1843ರಲ್ಲಿ ಅದೇ ದಿನ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟಿತು. ಹೊರಡಿಸಿದವರು ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗ್. ಶಾಲೆಯಲ್ಲಿ ನಾವು ಓದಿದ್ದು ಇಷ್ಟೇ. ಅವರು ಸಭೆ ಹೇಗೆ ಕಟ್ಟಿದರು ಅನ್ನೋದು ಪರೀಕ್ಷೆಗೆ ಬರಲಿಲ್ಲ, ನಾವೂ ಓದಲಿಲ್ಲ.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕೆನ್‌ಹೈಮ್ ಊರಲ್ಲಿ. ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿ 1836ರಲ್ಲಿ ಮಂಗಳೂರಿಗೆ ಬಂದರು. ಅವರನ್ನು ಕಳುಹಿಸಿದ ಬಾಸೆಲ್ ಮಿಶನ್‌ನಲ್ಲೇ ಒಂದು ಪಾಠ ಇದೆ. ಅಲ್ಲಿ ಲೂಥರನ್ ಸಭೆಯವರೂ ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಸಭೆಯವರೂ ಒಟ್ಟಿಗೆ ಸೇವೆ ಮಾಡಿದರು. ಕರ್ತನ ಮೇಜಿನ ವಿಷಯದಲ್ಲೇ ಇವರಿಬ್ಬರಿಗೂ ಮುನ್ನೂರು ವರ್ಷದ ಜಗಳ! ನಮ್ಮ ಗದಗ-ಬೆಟಗೇರಿಗೆ ಸುವಾರ್ತೆ ತಂದದ್ದೂ ಇದೇ ಮಿಶನ್. (ದೀಕ್ಷಾಸ್ನಾನದ ವಿಷಯದಲ್ಲಿ ಅವರ ಉಪದೇಶ ಬೇರೆ, ನಮ್ಮದು ಬೇರೆ. ಅದನ್ನು ಮುಚ್ಚಿಡೋದಿಲ್ಲ. ಆದರೂ ಅವರಿಂದ ಕಲಿಯೋದಿದೆ.)

ಮಂಗಳೂರಲ್ಲಿ ಮೋಗ್ಲಿಂಗ್ ಹುಡುಗರಿಗೆ ಶಾಲೆ ನಡೆಸಿದರು. ಬಿಳಿಯರು ಬಂಗಲೆಯಲ್ಲಿ ಇರುತ್ತಿದ್ದ ಕಾಲ ಅದು. ಇವರು ಹುಡುಗರ ಜೊತೆಗೇ ಇದ್ದರು, ಅವರ ಊಟವೇ ಇವರ ಊಟ. ಬೇರೆ ಬೇರೆ ಜಾತಿಯಿಂದ ಬಂದ ಹುಡುಗರು ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಇದು ಸಣ್ಣ ಸಂಗತಿ ಅಂದುಕೊಳ್ಳಬೇಡಿ. ಆಗ ತಮಿಳುನಾಡಿನ ಕೆಲವು ಸಭೆಗಳಲ್ಲಿ ಕ್ರೈಸ್ತರಾದ ಮೇಲೂ ಜಾತಿಗೊಂದು ಕಡೆ ಕೂರುತ್ತಿದ್ದರು. ಬಾಸೆಲ್‌ನವರು ಅದಕ್ಕೆ ಒಪ್ಪಲಿಲ್ಲ.

1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ತೆಗೆದುಕೊಂಡ. ಊರಲ್ಲಿ ದೊಡ್ಡ ಗದ್ದಲ ಎದ್ದಿತು. ಮನೆ ಹೋಯಿತು, ಬಂಧು ಬಳಗ ಹೋಯಿತು, ಹೆಂಡತಿಯೂ ಜೊತೆಗೆ ಬರಲಿಲ್ಲ. ಯೋಚನೆ ಮಾಡ್ರಿ, ಇಂಥವನಿಗೆ ಭಾನುವಾರ ಎರಡು ತಾಸಿನ ಸಭೆ ಸಾಕಾಗುತ್ತಾ? ಅವನಿಗೆ ಮನೆ ಬೇಕಿತ್ತು. 1846ರಲ್ಲಿ ಮೋಗ್ಲಿಂಗ್ ಅವನನ್ನು ತಮ್ಮ ಜೊತೆಗೇ ಯುರೋಪಿಗೆ ಕರೆದುಕೊಂಡು ಹೋದರು. ಬಾಸೆಲ್‌ನಲ್ಲಿ ಓದಿ, ಅಭಿಷಿಕ್ತ ಸೇವಕನಾಗಿ ಅವನು 1851ರಲ್ಲಿ ತಿರುಗಿ ಬಂದ.

1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ಹೋದರು. ಅಲ್ಲಿ ಭೂಮಾಲೀಕರ ಕೈಕೆಳಗೆ ತಲೆಮಾರುಗಳಿಂದ ಜೀತದಲ್ಲಿದ್ದ ಹೊಲೆಯರು ಸುವಾರ್ತೆಗೆ ಕಿವಿಗೊಟ್ಟರು. ಅವರಿಗೆ ಹೊಲ ಇಲ್ಲ, ನೆಲೆ ಇಲ್ಲ. ಅವರಿಗಾಗಿ ಜಮೀನು ಮಾಡಿ ಒಂದು ಊರನ್ನೇ ಕಟ್ಟಿದವರು ಯಾರು? ಅದೇ ಆನಂದರಾವ್ ಕೌಂಡಿನ್ಯ. ಆ ಊರಿನ ಹೆಸರು ಆನಂದಪುರ. ಯಾರ ನೆರಳು ಬಿದ್ದರೂ ಮೈಲಿಗೆ ಅಂತ ಕಲಿತು ಬೆಳೆದಿದ್ದನೋ, ಅವರಿಗೇ ಅವನು ಪಾಲಕನಾದ. ಆ ಊರಿನವರಿಗೆ ಒಬ್ಬ ಬ್ರಾಹ್ಮಣನನ್ನು ಅಣ್ಣ ಅಂತ ನಂಬೋದು ಸುಲಭ ಇತ್ತೇನು? ಕಷ್ಟ ಎರಡೂ ಕಡೆ ಇತ್ತು. ಅದನ್ನು ನಾವು ಮರೆತೇ ಬಿಡ್ತೀವಿ.

ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಹಿಂತಿರುಗಿದರು, 1881ರಲ್ಲಿ ಕರ್ತನಲ್ಲಿ ನಿದ್ರಿಸಿದರು. ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಮೊದಲು ಅಚ್ಚು ಹಾಕಿಸಿದವರಲ್ಲಿ ಅವರೂ ಒಬ್ಬರು. ಆ ಕಥೆ ಇನ್ನೊಂದು ದಿನಕ್ಕೆ ಇರಲಿ.

ಯೌವನಸ್ಥರೇ, ನಿಮ್ಮಲ್ಲಿ ಕೆಲವರು ಈ ತಿಂಗಳು ಒಂದು ಸಭೆ, ಮುಂದಿನ ತಿಂಗಳು ಇನ್ನೊಂದು ಸಭೆ. ಎಲ್ಲಿ ವರ್ಶಿಪ್ ಚೆನ್ನಾಗಿದೆ, ಎಲ್ಲಿ ಇಂಗ್ಲಿಷ್ ಸರ್ವಿಸ್ ಇದೆ ಅಂತ ಹುಡುಕ್ತೀರಿ. ಹೊಸ ಊರಲ್ಲಿ ಹುಡುಕೋದು ತಪ್ಪಲ್ಲ. ಆದರೆ ನಿಮಗೆ ಜ್ವರ ಬಂದರೆ ಗಂಜಿ ತರುವ ವಿಶ್ವಾಸಿ ಯಾರು? ನಿಮ್ಮ ಹೆಸರು ಗೊತ್ತಿರುವ ಮುದುಕಿ ಯಾರು? ಹಿರಿಯರಿಗೂ ಒಂದು ಮಾತು. ಭಾನುವಾರ ಎಲ್ಲರನ್ನೂ ಸಹೋದರ, ಸಹೋದರಿ ಅಂತೀವಿ. ಮನೆಯಲ್ಲಿ ಮದುವೆ ಮಾತು ಬಂದ ಕೂಡಲೇ ಅವರು ಮೊದಲು ಯಾವ ಜನ ಅಂತ ಮೆಲ್ಲಗೆ ವಿಚಾರಿಸ್ತೀವಿ. ಕೊರಿಂಥದವರ ಊಟ ಇದೇ ಅಲ್ವಾ?

ಈಗ ಕರ್ತನ ಮೇಜಿಗೆ ಬರೋಣ. ರೊಟ್ಟಿ ಹಂಚುವ ಮೊದಲು ಎರಡು ನಿಮಿಷ ಕೊಡ್ತೀನಿ. ಯಾವಾಗಲೂ ಕೂರುವ ಜಾಗ ಬಿಟ್ಟು ಏಳಿ, ಹೆಸರು ಗೊತ್ತಿಲ್ಲದ ಒಬ್ಬರ ಪಕ್ಕ ಹೋಗಿ ಕೂರಿ, ಹೆಸರು ಕೇಳಿ. ರೂಮಿನಿಂದ ಕೇಳುತ್ತಿರುವವರು ನಿಮ್ಮ ಹತ್ತಿರದ ಸಭೆಯ ಒಬ್ಬರಿಗೆ ಈಗಲೇ ಫೋನ್ ಮಾಡಿ.