ಹ್ಯಾಮಿಲ್ಟನ್ನನ ಸಮೀಕರಣಗಳು

ವಿಲಿಯಂ ರೋವನ್ ಹ್ಯಾಮಿಲ್ಟನ್ 1805ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಜನಿಸಿದನು. ಬಾಲ್ಯದಲ್ಲಿ ಟ್ರಿಮ್ ಎಂಬ ಊರಿನಲ್ಲಿ ತಂದೆಯ ಸೋದರನ ಬಳಿ ಬೆಳೆದು, ಗ್ರೀಕ್, ಲ್ಯಾಟಿನ್, ಹೀಬ್ರೂಗಳೊಡನೆ ಸಂಸ್ಕೃತವನ್ನೂ ಅಭ್ಯಸಿಸಿದನು. 1827ರಲ್ಲಿ, ಟ್ರಿನಿಟಿ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ, ಅಲ್ಲಿಯ ಖಗೋಳಶಾಸ್ತ್ರದ ಪ್ರಾಧ್ಯಾಪಕನಾಗಿ ಆಯ್ಕೆಗೊಂಡು ಡನ್ಸಿಂಕ್ ವೇಧಶಾಲೆಯಲ್ಲಿ ನೆಲೆಸಿದನು.

ವೇಧಶಾಲೆಯ ಯಂತ್ರಗಳಿಗಿಂತ ಕಾಗದ ಲೇಖನಿಗಳೇ ಅವನಿಗೆ ಪ್ರಿಯವಾಗಿದ್ದುವು. ನ್ಯೂಟನ್ನನು ಚಲನೆಯನ್ನು ಬಲದಿಂದ ವಿವರಿಸಿದ್ದನು. 1834 ಮತ್ತು 1835ರ ಎರಡು ಪ್ರಬಂಧಗಳಲ್ಲಿ ಹ್ಯಾಮಿಲ್ಟನ್ನನು ಅದೇ ಚಲನೆಯನ್ನು ಶಕ್ತಿಯೆಂಬ ಒಂದೇ ಪರಿಮಾಣದಿಂದ ನಿರೂಪಿಸಿದನು. ಅಲ್ಲಿ ಕಾಯದ ಸ್ಥಾನವೂ, ದ್ರವ್ಯರಾಶಿ ವೇಗಗಳ ಗುಣಲಬ್ಧವಾದ ಸಂವೇಗವೂ ಒಂದೇ ನೊಗದ ಜೋಡಿ ಎತ್ತುಗಳಂತೆ ಸಾಗುತ್ತವೆ.

ಆದರೆ ಅವನ ಹೃದಯವನ್ನು ಸೆರೆಹಿಡಿದುದು ಬೇರೊಂದು. 1843ರ ಅಕ್ಟೋಬರ್ 16ರಂದು ಪತ್ನಿಯೊಡನೆ ರಾಯಲ್ ಕಾಲುವೆಯ ದಡದಲ್ಲಿ ನಡೆಯುತ್ತಿದ್ದಾಗ, ನಾಲ್ಕು ಅಂಗಗಳ ನೂತನ ಸಂಖ್ಯೆಯಾದ ಕ್ವಾಟರ್ನಿಯನ್ ಹೊಳೆಯಿತು. ಅದರ ಸೂತ್ರವನ್ನು ಸೇತುವೆಯ ಕಲ್ಲಿನಲ್ಲಿ ಚಾಕುವಿನಿಂದ ಕೊರೆದನು. ಉಳಿದ ಆಯುಷ್ಯದ ಹೆಚ್ಚಿನ ಪಾಲನ್ನು ಅದಕ್ಕೇ ಧಾರೆಯೆರೆದನು. 1865ರ ಸೆಪ್ಟೆಂಬರ್ 2ರಂದು ತೀರಿಕೊಂಡಾಗ ಆ ವಿಷಯದ ಮಹಾಗ್ರಂಥವು ಅಪೂರ್ಣವಾಗಿಯೇ ಉಳಿದಿದ್ದಿತು.

ಅತ್ತ, ಅವನ ತಾರುಣ್ಯದ ಸಮೀಕರಣಗಳು ಗಣಕಯಂತ್ರಗಳ ಯುಗದಲ್ಲಿ ಹೊಸ ಬೆಲೆ ಪಡೆದುವು. ಮೂರು ಕಾಯಗಳು ಪರಸ್ಪರ ಸೆಳೆಯುವಾಗ ಅವುಗಳ ಹಾದಿಯನ್ನು ಸಾಮಾನ್ಯವಾಗಿ ಸರಳ ಸೂತ್ರದಲ್ಲಿ ಹಿಡಿದಿಡಲಾಗದು. ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಲೆಕ್ಕಹಾಕಬೇಕು. ಆಯ್ಲರನ ಸರಳ ಕ್ರಮದಂತೆ ಹಳೆಯ ಸ್ಥಾನ ಸಂವೇಗಗಳಿಂದಲೇ ಎರಡನ್ನೂ ಒಮ್ಮೆಗೇ ಮುಂದೊತ್ತಿದರೆ, ಶಕ್ತಿಯು ತುಸುತುಸುವೇ ಹೆಚ್ಚುತ್ತ, ಗ್ರಹವು ಸುರುಳಿಸುತ್ತಿ ಸೂರ್ಯನಿಂದ ದೂರ ಸರಿಯುತ್ತದೆ. ದೋಷವು ಗ್ರಹದ್ದಲ್ಲ, ಲೆಕ್ಕದ್ದು. ಮೊದಲು ಸಂವೇಗವನ್ನು ಬದಲಿಸಿ, ಆ ಹೊಸ ಸಂವೇಗದಿಂದ ಸ್ಥಾನವನ್ನು ಬದಲಿಸಿದರೆ ಆ ಜೋಡಿಯ ಜ್ಯಾಮಿತಿ ಕೆಡದು. ಹೆಜ್ಜೆ ಸಾಕಷ್ಟು ಚಿಕ್ಕದಾಗಿದ್ದರೆ, ಬಹುಕಾಲದವರೆಗೆ ಶಕ್ತಿಯು ಕೊಂಚ ಏರಿಳಿಯುವುದೇ ಹೊರತು ಒಂದೇ ದಿಕ್ಕಿಗೆ ಜಾರದು.

1980ರ ದಶಕದಲ್ಲಿ ಅಮೆರಿಕದ ರೂತ್, ಚೀಣದ ಫೆಂಗ್ ಕಾಂಗ್ ಮೊದಲಾದವರು ಈ ತತ್ತ್ವವನ್ನು ಶಾಸ್ತ್ರವಾಗಿ ಬೆಳೆಸಿದರು. 1991ರಲ್ಲಿ ವಿಸ್ಡಂ ಮತ್ತು ಹೋಲ್ಮನ್ ಇಂತಹ ಕ್ರಮದಿಂದಲೇ ಹೊರಗ್ರಹಗಳ ಚಲನೆಯನ್ನು 110 ಕೋಟಿ ವರ್ಷಗಳ ಅವಧಿಗೆ ಲೆಕ್ಕಹಾಕಿದರು.

ಕ್ವಾಟರ್ನಿಯನ್ನುಗಳೂ ವ್ಯರ್ಥವಾಗಲಿಲ್ಲ, ಅಂತರಿಕ್ಷನೌಕೆ ಯಾವ ಕಡೆಗೆ ತಿರುಗಿದೆಯೆಂಬುದನ್ನು ಇಂದು ಅವುಗಳಿಂದ ಎಣಿಸುತ್ತಾರೆ. ಆದರೆ ಗ್ರಹಗಳು ಲೆಕ್ಕದಲ್ಲಿ ಹಾದಿತಪ್ಪದಂತೆ ಕಾಯುತ್ತಿರುವುದು, ಮೂವತ್ತು ತುಂಬುವ ಮುನ್ನವೇ ಅವನು ಬರೆದು, ಬಳಿಕ ಬದಿಗಿರಿಸಿದ ಆ ಸಮೀಕರಣಗಳೇ.